ಮೂವತ್ತು ದಾಟಿದ ಮೇಲೂ ಕಾಡುವ ಮೊಡವೆ: ಕೋಲಾರದ ಸೋದರಿಗೆ

ದಿನಕ್ಕೆ ಐದಾರು ಸಲ ಸೋಪಿನಿಂದ ತೊಳೆದರೂ ಮುಖದ ಜಿಡ್ಡು ಹೋಗುತ್ತಿಲ್ಲ, ಮೂವತ್ತು ದಾಟಿದರೂ ಹಣೆ, ಗದ್ದದ ಮೊಡವೆ ನಿಂತಿಲ್ಲ ಎಂದು ಕೇಳಿದ್ದೀರಿ. ದಯವಿಟ್ಟು ಅಷ್ಟು ತೊಳೆಯಬೇಡಿ. ನಮ್ಮ ಕಡೆಯ ಕೊಳವೆಬಾವಿಯ ಗಡಸು ನೀರಿನಲ್ಲಿ ಸೋಪು ಸರಿಯಾಗಿ ನೊರೆ ಬಾರದೆ ಬಿಳಿ ಪದರವಾಗಿ ಚರ್ಮದ ಮೇಲೆಯೇ ಉಳಿದು ಉರಿ ಹೆಚ್ಚಿಸುತ್ತದೆ, ಆದ್ದರಿಂದ ಸೌಮ್ಯವಾದ ಫೇಸ್‌ವಾಶ್ ಎರಡು ಸಲ ಸಾಕು. ಜಿಡ್ಡುಗಟ್ಟುವ ತಲೆಗೆ ರಾತ್ರಿಯಿಡೀ ಎಣ್ಣೆ ಬಿಡುವುದನ್ನೂ ನಿಲ್ಲಿಸಿ, ಕೂದಲಂಚಿನ ಸಣ್ಣ ಗುಳ್ಳೆಗಳಿಗೆ ಅದೇ ಕಾರಣವಿರಬಹುದು. ಶೇ. 2.5ರ ಬೆಂಜಾಯಿಲ್ ಪೆರಾಕ್ಸೈಡ್ ಜೆಲ್ಲನ್ನು ತೆಳುವಾಗಿ ಹಚ್ಚಿ 8ರಿಂದ 12 ವಾರ ತಾಳ್ಮೆಯಿಂದಿರಿ. ದಿಂಬಿನ ಬಣ್ಣದ ಕವರು ಅದರಿಂದ ಮಾಸುತ್ತದೆ, ಬಿಳಿಯದನ್ನೇ ಹಾಕಿಕೊಳ್ಳಿ. ವೈದ್ಯರ ಚೀಟಿಯಿಲ್ಲದೆ ಮಾರುವ ಸ್ಟೀರಾಯ್ಡ್ ಬೆರೆತ ಕ್ರೀಮನ್ನು ಮಾತ್ರ ಹಚ್ಚಲೇಬೇಡಿ, ಮೊದಲು ಇಳಿದಂತೆ ಕಂಡ ಮೊಡವೆ ಆ ಕ್ರೀಮು ಬಿಟ್ಟೊಡನೆ ಮತ್ತೆ ಉಲ್ಬಣಿಸಬಹುದು. ಮುಟ್ಟು ಏರುಪೇರಾಗಿದ್ದರೆ ಪಿಸಿಓಎಸ್ (ಹಾರ್ಮೋನು ಏರುಪೇರಿನ ಒಂದು ತೊಂದರೆ) ಇದೆಯೇ ಎಂದು ವೈದ್ಯರಲ್ಲಿ ತಡಮಾಡದೆ ತೋರಿಸಿಕೊಳ್ಳಿ.