ಫೈಬ್ರಾಯ್ಡ್ ಗಡ್ಡೆಗೂ ಫ್ಯಾಟಿ ಲಿವರ್‌ಗೂ ನಂಟಿದೆಯೇ?

ಪ್ರಶ್ನೆ: ನನಗೆ 42 ವರ್ಷ. ಮುಟ್ಟಿನಲ್ಲಿ ವಿಪರೀತ ರಕ್ತಸ್ರಾವವಾಗುತ್ತಿದ್ದುದರಿಂದ ಸ್ಕ್ಯಾನಿಂಗ್ ಮಾಡಿಸಿದೆ. ಗರ್ಭಕೋಶದಲ್ಲಿ 4 ಸೆಂ.ಮೀ. ಫೈಬ್ರಾಯ್ಡ್ ಗಡ್ಡೆಯಿದೆ, ಜೊತೆಗೆ ಒಂದನೇ ಹಂತದ ಫ್ಯಾಟಿ ಲಿವರ್ ಇದೆ ಎಂದು ವರದಿ ಬಂದಿದೆ. ಲಿವರ್ ಶುದ್ಧಿಯಾದರೆ ಗಡ್ಡೆ ಕರಗುತ್ತದೆಂದು ಪರಿಚಿತರೊಬ್ಬರು ಪುಡಿಯೊಂದನ್ನು ಕೊಟ್ಟಿದ್ದಾರೆ. ಅದನ್ನು ಸೇವಿಸಬಹುದೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ದಯವಿಟ್ಟು ಸೇವಿಸಬೇಡಿ. ಯಕೃತ್ತನ್ನು ಶುದ್ಧಿ ಮಾಡಿ ಫೈಬ್ರಾಯ್ಡ್ ಕರಗಿಸುವ ಔಷಧಿ ಯಾವುದೂ ಇಲ್ಲ. ಏನೇನು ಬೆರೆತಿದೆಯೆಂದು ತಿಳಿಯದ ಪುಡಿ, ಕಷಾಯಗಳಿಂದಲೇ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ನಮ್ಮ ದೇಶದಲ್ಲಿ ವರದಿಯಾಗುತ್ತಲೇ ಇವೆ.

ನಿಮ್ಮ ಪರಿಚಿತರ ಮಾತಿನಲ್ಲಿ ಒಂದೆಳೆ ಸತ್ಯವಿದೆ. ಗರ್ಭಕೋಶದ ಸ್ನಾಯುವಿನಿಂದಲೇ ಹುಟ್ಟುವ ಈ ಗಡ್ಡೆ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಹಾರ್ಮೋನುಗಳ ಪ್ರಭಾವದಿಂದ ಬೆಳೆಯುತ್ತದೆ. ಕೆಲಸ ಮುಗಿಸಿದ ಈಸ್ಟ್ರೋಜನ್ನನ್ನು ಮಾರ್ಪಡಿಸಿ, ಪಿತ್ತರಸ ಮತ್ತು ಮೂತ್ರದ ಮೂಲಕ ಹೊರಹೋಗುವಂತೆ ಮಾಡುವುದು ಯಕೃತ್ತು. ರಕ್ತದಲ್ಲಿ ಲೈಂಗಿಕ ಹಾರ್ಮೋನುಗಳನ್ನು ಹಿಡಿದಿಡುವ ಪ್ರೋಟೀನನ್ನು ತಯಾರಿಸುವುದೂ ಅದೇ, ಮತ್ತು ಯಕೃತ್ತಿನಲ್ಲಿ ಕೊಬ್ಬು ತುಂಬಿದವರಲ್ಲಿ ಆ ಪ್ರೋಟೀನು ಸಾಮಾನ್ಯವಾಗಿ ಕಡಿಮೆಯಿರುತ್ತದೆ. ಇಷ್ಟರಿಂದಲೇ ಲಿವರ್ ಕೆಟ್ಟು ಗಡ್ಡೆ ಬಂತು ಎನ್ನಲಾಗದು. ಯಕೃತ್ತು ಪೂರ್ಣ ಆರೋಗ್ಯವಾಗಿರುವ ಅಸಂಖ್ಯ ಮಹಿಳೆಯರಿಗೂ ಫೈಬ್ರಾಯ್ಡ್ ಇರುತ್ತದೆ. ಎರಡೂ ಬಹಳ ಸಾಮಾನ್ಯವಾದ ತೊಂದರೆಗಳು, ಅಧಿಕ ತೂಕ ಎರಡಕ್ಕೂ ಪೂರಕ. ಹಾಗಾಗಿ ಒಂದೇ ಸ್ಕ್ಯಾನಿಂಗಿನಲ್ಲಿ ಜೊತೆಯಾಗಿ ಕಾಣಿಸಿಕೊಳ್ಳುವುದು ಅಪರೂಪವಲ್ಲ.

ಯಕೃತ್ತಿನ ವಿಚಾರ ನಿಜವಾಗಿ ಮುಖ್ಯವಾಗುವುದು ಔಷಧಿಯ ಆಯ್ಕೆಯಲ್ಲಿ. ಫೈಬ್ರಾಯ್ಡ್‌ಗೆಂದು 2012ರಲ್ಲಿ ಯುರೋಪಿನಲ್ಲಿ ಅನುಮತಿ ಪಡೆದ ಯುಲಿಪ್ರಿಸ್ಟಲ್ ಮಾತ್ರೆಯನ್ನು ನಿತ್ಯ ಸೇವಿಸುತ್ತಿದ್ದ ಕೆಲವರಿಗೆ ಯಕೃತ್ತು ತೀವ್ರವಾಗಿ ಹಾನಿಗೊಂಡು, ಯಕೃತ್ತಿನ ಕಸಿ ಮಾಡಬೇಕಾಗಿ ಬಂದದ್ದರಿಂದ, 2020ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಅದರ ಬಳಕೆಯನ್ನು ಬಿಗಿಯಾಗಿ ಮಿತಿಗೊಳಿಸಿತು. ಯಕೃತ್ತಿನ ಕಾಯಿಲೆ ಇರುವವರಿಗೆ ಅದು ಸಲ್ಲದು. ಗಡ್ಡೆಗೆ ಒಳ್ಳೆಯದೆಂದು ಮಾರುವ ಗ್ರೀನ್ ಟೀ ಸಾರದ ಕ್ಯಾಪ್ಸೂಲುಗಳೂ ಹೆಚ್ಚಿನ ಪ್ರಮಾಣದಲ್ಲಿ ರಕ್ತದಲ್ಲಿನ ಯಕೃತ್ತಿನ ಕಿಣ್ವಗಳನ್ನು ಏರಿಸಬಲ್ಲವು; ಇದು ಯಕೃತ್ತಿಗೆ ಪೆಟ್ಟಾಗುತ್ತಿರುವುದರ ಸೂಚನೆ. ಕುಡಿಯುವ ಚಹಾದ ಮಾತು ಬೇರೆ.

ಆದ್ದರಿಂದ ಸ್ತ್ರೀರೋಗ ತಜ್ಞರನ್ನು ಕಾಣುವಾಗ ಸ್ಕ್ಯಾನಿಂಗ್ ವರದಿಯ ಲಿವರ್ ಭಾಗವನ್ನೂ ತೋರಿಸಿ, ಲಿವರ್ ಫಂಕ್ಷನ್ ಟೆಸ್ಟ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳಿ. ನನ್ನ ದೃಷ್ಟಿಯಲ್ಲಿ ನಿಮಗೀಗ ತುರ್ತಾಗಿರುವುದು ರಕ್ತಸ್ರಾವದ ಚಿಕಿತ್ಸೆಯೇ; ರಕ್ತಹೀನತೆಯನ್ನು ಸಹಿಸಿಕೊಂಡು ಓಡಾಡುವ ಹೆಣ್ಣುಮಕ್ಕಳು ನಮ್ಮಲ್ಲಿ ತೀರಾ ಹೆಚ್ಚು. ಫ್ಯಾಟಿ ಲಿವರ್‌ನ ಮಟ್ಟಿಗೆ, ತೂಕ ಹೆಚ್ಚಿದ್ದರೆ ದೇಹದ ಒಟ್ಟು ತೂಕದಲ್ಲಿ ಶೇ. 7ರಿಂದ 10ರಷ್ಟನ್ನು ನಿಧಾನವಾಗಿ ಇಳಿಸಿದರೆ ಬಹುಪಾಲು ಜನರಲ್ಲಿ ಸುಧಾರಣೆ ಕಾಣುತ್ತದೆ.

ಈಗಾಗಲೇ ಆ ಪುಡಿಯನ್ನು ಸೇವಿಸಿದ್ದರೆ, ಕಣ್ಣು ಹಳದಿಯಾಗುವುದು, ಮೂತ್ರ ಗಾಢವಾಗುವುದು ಅಥವಾ ವಾಕರಿಕೆ ಕಂಡುಬಂದ ಕೂಡಲೇ ಪೊಟ್ಟಣದ ಸಮೇತ ಆಸ್ಪತ್ರೆಗೆ ಹೋಗಿ.