ಸೂಪರ್‌ವೈಸರ್ ‘ಫೇಟಲ್’ ಅನ್ನುತ್ತದೆ, ಸೈಟ್ ಮಾತ್ರ ಓಡುತ್ತಾ ಉಂಟು: ಯಾಕೆ?

ನೀವು ಬರೆದದ್ದು ಇಷ್ಟು: ಕಾಸರಗೋಡು ಕಡೆಯ ಬದಿಯಡ್ಕದ ಅಂಗಡಿಯಲ್ಲಿರುವ ಉಬುಂಟು ಮೆಷಿನ್‌ನಲ್ಲಿ ಅಡಿಕೆ ಧಾರಣೆ ತೋರಿಸುವ, ಪೈಥಾನ್‌ನಲ್ಲಿ ಬರೆದ ಫ್ಲಾಸ್ಕ್ ಆ್ಯಪ್ ಉಂಟು. ಎದುರಿಗೆ ವೆಬ್ ಸರ್ವರ್ ಎಂಜಿನ್‌ಎಕ್ಸ್, ಹಿಂದೆ ಪೈಥಾನ್ ಕೋಡ್ ಓಡಿಸುವ ಗುನಿಕಾರ್ನ್ ಮತ್ತು ಡೇಟಾಬೇಸ್ ಪೋಸ್ಟ್‌ಗ್ರೆಸ್. ಪ್ರೋಗ್ರಾಂಗಳನ್ನು ಎಬ್ಬಿಸಿ, ಬಿದ್ದರೆ ಮತ್ತೆ ಎಬ್ಬಿಸುವ ಸೂಪರ್‌ವೈಸರ್ ಒಂದು ಶೆಲ್ ಸ್ಕ್ರಿಪ್ಟ್ ಓಡಿಸುತ್ತದೆ, ಆ ಸ್ಕ್ರಿಪ್ಟ್ ಗುನಿಕಾರ್ನನ್ನು ‘--ಡೀಮನ್’ (ಹಿನ್ನೆಲೆಯಲ್ಲಿ ಓಡು ಎನ್ನುವ ಆಯ್ಕೆ) ಹಾಕಿ ಎಬ್ಬಿಸುತ್ತದೆ. ಸ್ಟೇಟಸ್ ಫೇಟಲ್ (ಎಬ್ಬಿಸಲಾಗದೆ ಕೈಬಿಟ್ಟಿದೆ ಎಂದು), ಸೈಟ್ ಬರುತ್ತದೆ, ರೀಸ್ಟಾರ್ಟ್ ಕೊಟ್ಟರೂ ಹಳೆಯ ಕೋಡೇ. ಮಳೆಗೆ ಕರೆಂಟು ಹೋಗಿ ಬಂದರೆ ಕೆಲವೊಮ್ಮೆ ಸೈಟೇ ಏಳುವುದಿಲ್ಲ.

ಮೊದಲ ಮೂರಕ್ಕೂ ಕಾರಣ ಆ ಡೀಮನ್ ಆಯ್ಕೆ. ಸೂಪರ್‌ವೈಸರ್ ಕಾಯುವುದು ತಾನೇ ಹುಟ್ಟಿಸಿದ ಪ್ರೊಸೆಸ್‌ನ (ಓಡುತ್ತಿರುವ ಪ್ರೋಗ್ರಾಂನ) ಪಿಐಡಿ, ಅಂದರೆ ಗುರುತಿನ ಸಂಖ್ಯೆಯನ್ನು ಮಾತ್ರ. ನಿಮ್ಮಲ್ಲಿ ಅದು ಹುಟ್ಟಿಸಿದ್ದು ಶೆಲ್ ಸ್ಕ್ರಿಪ್ಟನ್ನು. ಸ್ಕ್ರಿಪ್ಟ್ ಗುನಿಕಾರ್ನನ್ನು ಹಿನ್ನೆಲೆಗೆ ತಳ್ಳಿ ಕ್ಷಣದಲ್ಲೇ ಮುಗಿಯುತ್ತದೆ. ಎದ್ದದ್ದು ಕನಿಷ್ಠ ಎಷ್ಟು ಹೊತ್ತು ನಿಲ್ಲಬೇಕೆಂಬ ‘ಸ್ಟಾರ್ಟ್‌ಸೆಕ್ಸ್’ ಡಿಫಾಲ್ಟ್ 1 ಸೆಕೆಂಡು. ಅಷ್ಟೂ ಹೊತ್ತು ನಿಲ್ಲದ್ದನ್ನು ಸೂಪರ್‌ವೈಸರ್ ‘ಶುರುವಾಗಲೇ ಇಲ್ಲ’ ಎಂದು ಲೆಕ್ಕ ಹಾಕಿ ಮತ್ತೆ ಎಬ್ಬಿಸುತ್ತದೆ. ಎರಡನೆಯ ಗುನಿಕಾರ್ನಿಗೆ 8000ನೇ ಪೋರ್ಟ್ ಸಿಗುವುದಿಲ್ಲ, ಮೊದಲಿನದ್ದು ಅಲ್ಲಿ ಕೂತಿದೆಯಲ್ಲ. ಮೂರು ಸಲ ಹೀಗಾದ ಮೇಲೆ ಫೇಟಲ್. ಆ ಮೊದಲಿನ ಗುನಿಕಾರ್ನ್ ಯಾರ ಹಿಡಿತದಲ್ಲೂ ಇಲ್ಲದೆ ಓಡುತ್ತಿರುತ್ತದೆ. ಅದಕ್ಕೇ ಸೈಟ್ ಬರುವುದು, ರೀಸ್ಟಾರ್ಟ್ ಅದನ್ನು ಮುಟ್ಟದಿರುವುದು.

ಮೊದಲು ‘ಸುಡೊ ಎಸ್‌ಎಸ್ -ಎಲ್‌ಟಿಎನ್‌ಪಿ’ ಕೊಟ್ಟು 8000 ಹಿಡಿದಿರುವ ಪಿಐಡಿ ಹುಡುಕಿ, ಅದರ ಮಾಸ್ಟರನ್ನು (ಕೆಲಸ ಮಾಡುವ ವರ್ಕರ್‌ಗಳನ್ನು ನಡೆಸುವ ಮುಖ್ಯ ಪ್ರೊಸೆಸ್) ಸಾದಾ ಕಿಲ್‌ನಿಂದ ನಿಲ್ಲಿಸಿ. ಮೈನಸ್ ಒಂಬತ್ತು (ಬಲವಂತವಾಗಿ ಕೊಲ್ಲುವುದು) ಬೇಡ. ಆಮೇಲೆ ಸ್ಕ್ರಿಪ್ಟನ್ನೇ ಬಿಟ್ಟುಬಿಡಿ. ವರ್ಚುವಲ್‌ಎನ್ವ್ (ಈ ಕೆಲಸಕ್ಕೆಂದೇ ಇಟ್ಟ ಪ್ರತ್ಯೇಕ ಪೈಥಾನ್ ಫೋಲ್ಡರ್) ಆ್ಯಕ್ಟಿವೇಟ್ ಮಾಡಲಿಕ್ಕೆ ಸ್ಕ್ರಿಪ್ಟ್ ಬೇಕೆಂದು ತುಂಬ ಜನ ಅಂದುಕೊಂಡಿದ್ದಾರೆ, ಬೇಡ. ಸೂಪರ್‌ವೈಸರ್ ಕಾನ್ಫಿಗ್ ಫೈಲಿನ ‘ಕಮಾಂಡ್’ ಸಾಲಿನಲ್ಲಿ ಎನ್ವ್‌ನ ಬಿನ್ ಫೋಲ್ಡರಿನೊಳಗಿನ ಗುನಿಕಾರ್ನಿಗೆ ಪೂರ್ತಿ ದಾರಿ ಕೊಟ್ಟರೆ ಸಾಕು, ‘--ಡೀಮನ್’ ತೆಗೆದು. ‘ಡೈರೆಕ್ಟರಿ’ಗೆ ಆ್ಯಪ್‌ನ ಫೋಲ್ಡರ್, ‘ಯೂಸರ್’ಗೆ ರೂಟ್ ಅಲ್ಲದ ಒಬ್ಬ ಯೂಸರ್. ಸ್ಕ್ರಿಪ್ಟ್ ಬೇಕೇ ಬೇಕೆಂದಾದರೆ ಅದರ ಕೊನೆಯ ಸಾಲು ‘ಎಕ್ಸೆಕ್’ನಿಂದ ಶುರುವಾಗಲಿ, ಆಗ ಶೆಲ್‌ನ ಪಿಐಡಿಯಲ್ಲೇ ಗುನಿಕಾರ್ನ್ ಕೂರುತ್ತದೆ.

ಫೈಲ್ ತಿದ್ದಿದ ಮೇಲೆ ‘ಸೂಪರ್‌ವೈಸರ್‌ಸಿಟಿಎಲ್ ರೀರೀಡ್’, ನಂತರ ‘ಅಪ್‌ಡೇಟ್’. ಬರೀ ‘ರೀಸ್ಟಾರ್ಟ್’ ಹಳೆಯ ಕಾನ್ಫಿಗ್‌ನಲ್ಲೇ ಎಬ್ಬಿಸುತ್ತದೆ. ‘ರೀಲೋಡ್’ ಕೊಟ್ಟರೆ ಸೂಪರ್‌ವೈಸರೇ ಮರಳಿ ಶುರುವಾಗಿ, ಅದರ ಕೈಕೆಳಗಿನದೆಲ್ಲ ಒಮ್ಮೆ ಬೀಳುತ್ತದೆ. ಹೆಸರು ನೋಡಿ ಮೋಸ ಹೋಗಬೇಡಿ.

ಕರೆಂಟಿನ ತೊಂದರೆ ಬೇರೆಯದು. ಮೆಷಿನ್ ದಿಢೀರನೆ ಆಫ್ ಆಗಿದ್ದರೆ ಪೋಸ್ಟ್‌ಗ್ರೆಸ್ ಎದ್ದ ಕೂಡಲೇ ಕನೆಕ್ಷನ್ ಕೊಡುವುದಿಲ್ಲ, ಮೊದಲು ತನ್ನ ಲಾಗ್ ಓದಿ ಡೇಟಾ ಸರಿಮಾಡಿಕೊಳ್ಳುತ್ತದೆ. ಶುರುವಿನಲ್ಲೇ ಡೇಟಾಬೇಸ್ ಕೇಳುವ ಆ್ಯಪ್ ಆಗ ಸಾಯುತ್ತದೆ. ಗುನಿಕಾರ್ನ್ ಎಕ್ಸಿಟ್ ಕೋಡ್ 3 ಕೊಟ್ಟು ಹೊರಬೀಳುತ್ತದೆ. ಎಷ್ಟು ಸಲ ಮತ್ತೆ ಎಬ್ಬಿಸಬೇಕೆಂಬ ‘ಸ್ಟಾರ್ಟ್‌ರೀಟ್ರೈಸ್’ ಡಿಫಾಲ್ಟ್ 3, ನಡುವೆ ಕಾಯುವುದು 1, 2, 3 ಸೆಕೆಂಡು ಅಷ್ಟೇ. ಒಮ್ಮೆ ಫೇಟಲ್ ಆದರೆ ಅದು ತಾನಾಗಿ ಮತ್ತೆ ಪ್ರಯತ್ನಿಸುವುದಿಲ್ಲ, ಯಾರಾದರೂ ಬಂದು ಸ್ಟಾರ್ಟ್ ಕೊಡಬೇಕು. ‘ಸ್ಟಾರ್ಟ್‌ರೀಟ್ರೈಸ್’ 20 ಮಾಡಿ. ಪ್ರತಿ ಸಲ ಒಂದೊಂದು ಸೆಕೆಂಡು ಹೆಚ್ಚುವುದರಿಂದ ಕಾಯುವ ಹೊತ್ತು ಒಟ್ಟು 210 ಸೆಕೆಂಡು, ಅಂದರೆ ಮೂರೂವರೆ ನಿಮಿಷ. ಜೊತೆಗೆ ‘ಸ್ಟಾರ್ಟ್‌ಸೆಕ್ಸ್’ 10 ಇರಲಿ. ಅದು 1 ಇದ್ದು ಆ್ಯಪ್ ಎರಡು ಸೆಕೆಂಡಿಗೆ ಸತ್ತರೆ ಸ್ಟೇಟಸ್ ‘ರನ್ನಿಂಗ್’ ಅನ್ನುತ್ತಲೇ ಇರುತ್ತದೆ, ಒಳಗೆ ಎದ್ದು ಬೀಳುವ ಆಟ ನಿಲ್ಲುವುದೇ ಇಲ್ಲ. ಅಪ್‌ಟೈಮ್ ಯಾವಾಗ ನೋಡಿದರೂ ಒಂದೆರಡು ಸೆಕೆಂಡೇ ಇದ್ದರೆ ಇದೇ ಎಂದು ತಿಳಿಯಿರಿ.

‘ಆಟೋರೀಸ್ಟಾರ್ಟ್’ ಟ್ರೂ ಮಾಡಿ. ನಿಲ್ಲಿಸುವ ಕಡೆಗೂ ಒಂದು ಹೊಂದಾಣಿಕೆ ಬೇಕು: ಗುನಿಕಾರ್ನ್ ಕೈಯಲ್ಲಿರುವ ರಿಕ್ವೆಸ್ಟ್ ಮುಗಿಸಲು 30 ಸೆಕೆಂಡು ತೆಗೆದುಕೊಳ್ಳಬಹುದು, ಸೂಪರ್‌ವೈಸರ್ ಟರ್ಮ್ ಸಿಗ್ನಲ್ (ನಿಲ್ಲು ಎಂಬ ಸೂಚನೆ) ಕೊಟ್ಟು 10 ಸೆಕೆಂಡಿಗೇ ಕಿಲ್ ಮಾಡುತ್ತದೆ. ಆ ಕಾಯುವ ಹೊತ್ತಿನ ‘ಸ್ಟಾಪ್‌ವೇಟ್‌ಸೆಕ್ಸ್’ 40 ಹಾಕಿ, ಕಿಲ್ ಇಡೀ ಪ್ರೊಸೆಸ್ ಗುಂಪಿಗೆ ತಾಗುವಂತೆ ‘ಕಿಲ್‌ಆ್ಯಸ್‌ಗ್ರೂಪ್’ ಟ್ರೂ. ‘ಸ್ಟಾಪ್‌ಆ್ಯಸ್‌ಗ್ರೂಪ್’ (ನಿಲ್ಲು ಎಂಬ ಸಿಗ್ನಲನ್ನೂ ಇಡೀ ಗುಂಪಿಗೆ ಕಳಿಸುವುದು) ಗುನಿಕಾರ್ನಿಗೆ ಅಗತ್ಯವಿಲ್ಲ, ವರ್ಕರ್‌ಗಳನ್ನು ಮಾಸ್ಟರೇ ನಿಲ್ಲಿಸುತ್ತದೆ. ಎಕ್ಸೆಕ್ ಇಲ್ಲದ ಶೆಲ್ ಸ್ಕ್ರಿಪ್ಟಿಗೆ ಮಾತ್ರ ಅದು ಬೇಕು. ಕೋಡ್ ಬದಲಾದಾಗ, ಪ್ರೀಲೋಡ್ (ಕೋಡನ್ನು ಮಾಸ್ಟರೇ ಮೊದಲು ಓದಿಟ್ಟುಕೊಳ್ಳುವ ಆಯ್ಕೆ) ಇಲ್ಲದಿದ್ದರೆ, ಸೂಪರ್‌ವೈಸರ್‌ಸಿಟಿಎಲ್‌ನಲ್ಲಿ ‘ಸಿಗ್ನಲ್ ಹಪ್’ ಕೊಟ್ಟರೂ ಹೊಸದು ಬರುತ್ತದೆ, ಸೈಟ್ ಬೀಳುವುದಿಲ್ಲ.

ಎಂಜಿನ್‌ಎಕ್ಸನ್ನೂ ಸೂಪರ್‌ವೈಸರಿಗೆ ಕೊಡಲೇ ಎಂದು ಕೇಳಿದ್ದೀರಿ. ಬೇಡ. ಉಬುಂಟು ಪ್ಯಾಕೇಜ್ ಅದನ್ನು ಈಗಾಗಲೇ ಸಿಸ್ಟಮ್‌ಡಿ (ಸಿಸ್ಟಮಿನ ಸೇವೆಗಳನ್ನು ಎಬ್ಬಿಸಿ ನಡೆಸುವ, ಉಬುಂಟುವಿನದೇ ಪ್ರೋಗ್ರಾಂ) ಕೈಗೆ ಕೊಟ್ಟಿದೆ. ಎರಡೂ ಕಡೆ ಇಟ್ಟರೆ 80ನೇ ಪೋರ್ಟಿಗೆ ಜಗಳ. ನಿಜ ಹೇಳುವುದಾದರೆ ಒಂದೇ ಆ್ಯಪ್ ಇರುವ ಮೆಷಿನಿಗೆ ಗುನಿಕಾರ್ನನ್ನೂ ಸಿಸ್ಟಮ್‌ಡಿಗೆ ಕೊಡುವುದೇ ನನಗೆ ಸರಿ ಕಾಣುತ್ತದೆ. ಅಲ್ಲಿಯೂ ಮತ್ತೆ ಎಬ್ಬಿಸುವ ಮುನ್ನ ಕಾಯುವ ‘ರೀಸ್ಟಾರ್ಟ್‌ಸೆಕ್’ 5 ಹಾಕಲು ಮರೆಯಬೇಡಿ. ಡಿಫಾಲ್ಟ್ 100 ಮಿಲಿಸೆಕೆಂಡು ಇದ್ದು, 10 ಸೆಕೆಂಡಿನೊಳಗೆ 5 ಸಲ ಎಬ್ಬಿಸಿ ಅದೂ ಕೈಬಿಡುತ್ತದೆ.

ಇನ್ನೊಂದು ನಮ್ಮ ಕಡೆಯವರಿಗೇ ಬರುವ ತಾಪತ್ರಯ. ಟರ್ಮಿನಲ್‌ನಲ್ಲಿ ಸರಿಯಾಗಿದ್ದ ಆ್ಯಪ್, ಸೂಪರ್‌ವೈಸರ್ ಕೆಳಗೆ ಕನ್ನಡ ಅಥವಾ ಮಲಯಾಳಂ ಹೆಸರು ಲಾಗಿಗೆ ಬರೆಯುವಾಗ ಆಸ್ಕಿ (ಇಂಗ್ಲಿಷ್ ಅಕ್ಷರಗಳಷ್ಟೇ ಇರುವ ಸಂಕೇತ ಪಟ್ಟಿ) ಎರರ್ ಕೊಟ್ಟು ಬೀಳಬಹುದು. ನಿಮ್ಮ ಲಾಗಿನ್‌ನ ಭಾಷಾ ಸೆಟ್ಟಿಂಗ್ ಅದಕ್ಕೆ ಸಿಗುವುದಿಲ್ಲ. ಪೈಥಾನ್ 3.6 ಅಥವಾ ಅದಕ್ಕೂ ಹಳೆಯದಾದರೆ ‘ಎನ್ವಿರಾನ್‌ಮೆಂಟ್’ ಸಾಲಿನಲ್ಲಿ ‘ಲ್ಯಾಂಗ್’ಗೆ ಸಿ.ಯುಟಿಎಫ್-8 ಕೊಡಿ. ಆ ಸಾಲಿನಲ್ಲಿ ಪಾಸ್‌ವರ್ಡ್ ಇದ್ದು ಅದರಲ್ಲಿ ಶೇಕಡಾ ಚಿಹ್ನೆ ಬಂದರೆ ಎರಡೆರಡು ಸಲ ಬರೆಯಬೇಕು, ಇಲ್ಲವಾದರೆ ಕಾನ್ಫಿಗ್ಗೇ ಓದುವುದಿಲ್ಲ.

ಎಲ್ಲ ಆದ ಮೇಲೆ ಮಾಸ್ಟರ್ ಪಿಐಡಿಯನ್ನು, ಈ ಸಲ ಬೇಕೆಂದೇ ಮೈನಸ್ ಒಂಬತ್ತು ಕೊಟ್ಟು, ಕೊಂದು ನೋಡಿ. ಹತ್ತಿಪ್ಪತ್ತು ಸೆಕೆಂಡಿನೊಳಗೆ ಸ್ಟೇಟಸ್‌ನಲ್ಲಿ ಹೊಸ ಪಿಐಡಿ ಕಾಣಬೇಕು. ಆಮೇಲೆ ಅಂಗಡಿ ಮುಚ್ಚಿದ ಹೊತ್ತಿನಲ್ಲಿ ಒಂದು ರೀಬೂಟ್ ಮಾಡಿ. ಏಳದಿದ್ದರೆ ‘ಸೂಪರ್‌ವೈಸರ್‌ಸಿಟಿಎಲ್ ಟೇಲ್’ಗೆ ಪ್ರೋಗ್ರಾಂ ಹೆಸರು, ಅದರ ನಂತರ ‘ಎಸ್‌ಟಿಡಿಇಆರ್‌ಆರ್’ ಎಂದು ಸೇರಿಸಿ, ಬಂದ ಕೊನೆಯ ಸಾಲುಗಳನ್ನು ಇಲ್ಲಿ ಹಾಕಿ; ಗುನಿಕಾರ್ನ್ ತನ್ನ ಎರರ್ ಬರೆಯುವುದು ಅಲ್ಲಿಯೇ.