ಓದುಗರ ಪ್ರಶ್ನೆ: ಟ್ಯೂಬಿಂಗೆನ್ನಿನಲ್ಲಿ ಒಂದು ಸೆಮಿಸ್ಟರ್

ಪ್ರಶ್ನೆ: ಧಾರವಾಡದಲ್ಲಿ ಜೈವಿಕ ತಂತ್ರಜ್ಞಾನದ ಎಂ.ಎಸ್ಸಿ. ಮೊದಲ ಸೆಮಿಸ್ಟರ್ ಓದುತ್ತಿದ್ದೇನೆ. ವಿನಿಮಯ ಒಡಂಬಡಿಕೆಯ ಅಡಿಯಲ್ಲಿ ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ಒಂದು ಸೆಮಿಸ್ಟರ್ ಕಳೆಯುವ ಅವಕಾಶ ಸಿಕ್ಕಿದೆ. ಚಳಿಗಾಲದ ಸೆಮಿಸ್ಟರ್ ಬೇಕೋ ಬೇಸಿಗೆಯದು ಬೇಕೋ ಎಂದು ಕೇಳಿದ್ದಾರೆ. ಅಲ್ಲಿ ಓದಿದ್ದು ಇಲ್ಲಿ ಲೆಕ್ಕಕ್ಕೆ ಬರುತ್ತದೆಯೇ? ನನಗೆ ಜರ್ಮನ್ ಬಾರದು.
– ಓದುಗಳು, ಧಾರವಾಡ

ಉತ್ತರ: ಇಂಥ ಆಯ್ಕೆಯನ್ನು ಬಹಳ ಮಂದಿ ಚಳಿಗೆ ಹೆದರಿ ಮಾಡುತ್ತಾರೆ. ಅದಕ್ಕಿಂತ ಮೊದಲು ಎರಡೂ ವಿಶ್ವವಿದ್ಯಾಲಯಗಳ ವೇಳಾಪಟ್ಟಿಯನ್ನು ಅಕ್ಕಪಕ್ಕ ಇಟ್ಟು ನೋಡಿರಿ. ಕಾಗದದ ಮೇಲೆ ಅಲ್ಲಿನ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ, ಬೇಸಿಗೆಯದು ಏಪ್ರಿಲ್ 1ರಿಂದ ಸೆಪ್ಟೆಂಬರ್ 30ರವರೆಗೆ ಇದ್ದರೂ, ಪಾಠ ನಡೆಯುವುದು ಅಕ್ಟೋಬರ್ ಮಧ್ಯದಿಂದ ಫೆಬ್ರುವರಿ ಆರಂಭದವರೆಗೆ ಮತ್ತು ಏಪ್ರಿಲ್ ಮಧ್ಯದಿಂದ ಜುಲೈ ಕೊನೆಯವರೆಗೆ ಮಾತ್ರ. ಚಳಿಗಾಲದಲ್ಲಿ ಹೋದರೆ ನೀವು ಅಲ್ಲಿ ಪರೀಕ್ಷೆ ಬರೆಯುವ ಹೊತ್ತಿಗೆ ಇಲ್ಲಿ ನಾಲ್ಕನೇ ಸೆಮಿಸ್ಟರ್‌ನ ಪಾಠ ಆರಂಭವಾಗಿರುವ ಸಂಭವವಿದೆ. ಹಾಜರಾತಿಯ ಕೊರತೆ ಬಿತ್ತೆಂದು ಆಮೇಲೆ ವಿಭಾಗದ ಬಾಗಿಲು ಕಾಯುವ ಪಾಡು ನಿಮ್ಮದಾಗುತ್ತದೆ. ನಿಮ್ಮಲ್ಲಿ ಪ್ರಾಜೆಕ್ಟ್ ನಾಲ್ಕನೇ ಸೆಮಿಸ್ಟರ್‌ನಲ್ಲಿದ್ದರೆ ಬೇಸಿಗೆಯನ್ನೇ ಆರಿಸಿಕೊಳ್ಳಿ ಎಂಬುದು ನನ್ನ ಸಲಹೆ. ಪ್ರಾಜೆಕ್ಟನ್ನು ಅಲ್ಲಿಯ ಪ್ರಯೋಗಾಲಯದಲ್ಲಿ ಮಾಡಿ, ಜೊತೆಗೆ ಎರಡು ವಿಷಯಗಳನ್ನು ಓದಿ ಬರಬಹುದು. ಆದರೆ ನಿಮ್ಮನ್ನು ಸೇರಿಸಿಕೊಳ್ಳಲು ಒಪ್ಪಿದ ಪ್ರಾಧ್ಯಾಪಕರ ಪತ್ರ ಹೊರಡುವ ಮೊದಲೇ ಕೈಯಲ್ಲಿರಬೇಕು. ಅಲ್ಲಿಗೆ ಹೋಗಿ ಹುಡುಕುತ್ತೇನೆಂದರೆ ಮೂರೂವರೆ ತಿಂಗಳಲ್ಲಿ ಒಂದು ತಿಂಗಳು ಹುಡುಕಾಟಕ್ಕೇ ಹೋಗುತ್ತದೆ.

ಲೆಕ್ಕಕ್ಕೆ ಬರುತ್ತದೆಯೇ ಎಂಬುದು ಇದಕ್ಕಿಂತ ದೊಡ್ಡ ಪ್ರಶ್ನೆ. ಯೂರೋಪಿನಲ್ಲಿ ಒಂದು ಸೆಮಿಸ್ಟರ್‌ನ ಪೂರ್ಣ ಓದಿಗೆ 30 ಕ್ರೆಡಿಟ್. ಒಂದು ಕ್ರೆಡಿಟ್ ಎಂದರೆ 25ರಿಂದ 30 ಗಂಟೆಗಳ ಕೆಲಸ, ಮತ್ತು ಆ ಗಂಟೆಗಳಲ್ಲಿ ನೀವು ಕೋಣೆಯಲ್ಲಿ ಕೂತು ಓದಿದ್ದೂ ಸೇರಿರುತ್ತದೆ. ನಮ್ಮಲ್ಲಿ ಕ್ರೆಡಿಟ್ ಎಂದರೆ ಮುಖ್ಯವಾಗಿ ತರಗತಿಯ ಗಂಟೆಗಳ ಎಣಿಕೆಯಾದ್ದರಿಂದ ಅಂಕಿಗೆ ಅಂಕಿ ಹೊಂದುವುದಿಲ್ಲ. ಆದಕಾರಣ ಅಲ್ಲಿಯ ಯಾವ ವಿಷಯ ಇಲ್ಲಿಯ ಯಾವ ವಿಷಯಕ್ಕೆ ಸಮ, ಎಷ್ಟಕ್ಕೆ ಎಷ್ಟು ಎಂಬುದನ್ನು ಬರೆದು, ವಿಭಾಗದ ಮುಖ್ಯಸ್ಥರ ಜೊತೆಗೆ ಪರೀಕ್ಷಾ ವಿಭಾಗದ ಸಹಿಯನ್ನೂ ಮೊಹರನ್ನೂ ಹಾಕಿಸಿಕೊಂಡೇ ಹೊರಡಿರಿ. ‘ಹೋಗಿ ಬಾರಮ್ಮ, ಆಮೇಲೆ ನೋಡೋಣ’ ಎಂಬ ಬಾಯಿಮಾತನ್ನು, ಆಡಿದವರು ಎಷ್ಟೇ ಒಳ್ಳೆಯವರಾಗಿರಲಿ, ನಂಬಿ ಹೋಗಬೇಡಿ. ನೀವು ಮರಳುವಷ್ಟರಲ್ಲಿ ಅವರಿಗೆ ವರ್ಗವಾಗಿರಬಹುದು.

ಅಂಕಗಳ ವಿಚಾರದಲ್ಲಿ ಒಂದು ವಿಚಿತ್ರವಿದೆ. ಜರ್ಮನಿಯಲ್ಲಿ 1 ಅತ್ಯುತ್ತಮ, 4 ಬಂದರೆ ಪಾಸು, 5 ಬಂದರೆ ನಪಾಸು. ಸಾಲದ್ದಕ್ಕೆ ದಶಮಾಂಶದ ಚುಕ್ಕಿಯ ಜಾಗದಲ್ಲಿ ಅಲ್ಪವಿರಾಮ ಹಾಕುತ್ತಾರೆ. ನನ್ನ ಪರಿಚಯದ ಹುಡುಗಿಯೊಬ್ಬಳು ‘1,3’ ಎಂದು ಮುದ್ರಿತವಾದ ಅಂಕಪಟ್ಟಿಯನ್ನು ಹೆಮ್ಮೆಯಿಂದ ತಂದು ಕೊಟ್ಟಾಗ, ಗುಮಾಸ್ತರು ಅದನ್ನು ಹತ್ತಕ್ಕೆ ಒಂದೂ ಚಿಲ್ಲರೆ ಎಂದು ಓದಿ, ‘ಯಾಕಮ್ಮ, ಅಲ್ಲಿ ಆರೋಗ್ಯ ಸರಿಯಿರಲಿಲ್ಲವೇ?’ ಎಂದು ವಿಚಾರಿಸಿದ್ದರಂತೆ. ಅಂಕ ಪರಿವರ್ತನೆಯ ಸೂತ್ರವನ್ನೂ ಆ ಒಪ್ಪಂದದ ಕಾಗದದಲ್ಲೇ ಬರೆಸಿಡಿ. ಇನ್ನೊಂದು ಮಾತು: ಅಲ್ಲಿ ತರಗತಿಗೆ ಹೋದ ಮಾತ್ರಕ್ಕೆ ಪರೀಕ್ಷೆಗೆ ಕೂರಿಸುವುದಿಲ್ಲ. ಪರೀಕ್ಷೆಗೆ ಸಾಮಾನ್ಯವಾಗಿ ಬೇರೆಯಾಗಿಯೇ ಹೆಸರು ನೋಂದಾಯಿಸಬೇಕು, ಮತ್ತು ಕೊನೆಯ ದಿನ ಕಳೆದ ಮೇಲೆ ಯಾರ ಶಿಫಾರಸೂ ನಡೆಯುವುದಿಲ್ಲ.

ಭಾಷೆಯ ಬಗ್ಗೆ ಅಷ್ಟೊಂದು ಚಿಂತೆ ಬೇಡ. ನಿಮ್ಮ ವಿಷಯದಲ್ಲಿ ಸ್ನಾತಕೋತ್ತರ ಪಾಠಗಳು ಇಂಗ್ಲಿಷಿನಲ್ಲಿ ಸಿಗುತ್ತವೆ. ಆದರೆ ಮನೆ ಬಾಡಿಗೆಯ ಕರಾರು, ನಗರ ಕಚೇರಿಯ ಪತ್ರ, ಕಸ ಬೇರ್ಪಡಿಸುವ ಸೂಚನೆ ಎಲ್ಲವೂ ಜರ್ಮನ್ನಿನಲ್ಲೇ ಬರುತ್ತವೆ. ಮೂರು ತಿಂಗಳ ಆರಂಭಿಕ ತರಗತಿಯನ್ನು ಇಲ್ಲೇ ಮುಗಿಸಿಕೊಳ್ಳಿ. ಪಾಠದ ವೇಳಾಪಟ್ಟಿಯಲ್ಲಿ ಗಂಟೆಯ ಮುಂದೆ ‘ಸಿ.ಟಿ.’ ಎಂದಿದ್ದರೆ ಅದು ಲ್ಯಾಟಿನ್ ಮಾತಿನ ಮೊದಲಕ್ಷರಗಳು: ಹತ್ತು ಎಂದಿದ್ದರೆ ಹತ್ತೂಕಾಲಕ್ಕೆ ಪಾಠ ಎಂದರ್ಥ. ‘ಎಸ್.ಟಿ.’ ಎಂದಿದ್ದರೆ ಹತ್ತೆಂದರೆ ಹತ್ತೇ. ಪಾಠ ಮುಗಿದಾಗ ಎಲ್ಲರೂ ಗೆಣ್ಣಿನಿಂದ ಮೇಜು ಕುಟ್ಟಿದರೆ ಗಾಬರಿಯಾಗಬೇಡಿ, ಅಲ್ಲಿಯ ತರಗತಿಗಳಲ್ಲಿ ಚಪ್ಪಾಳೆಯೆಂದರೆ ಅದೇ.

ಊರಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 1477ರಲ್ಲಿ ಸ್ಥಾಪನೆಯಾದ ಆ ವಿಶ್ವವಿದ್ಯಾಲಯ ನೆಕ್ಕರ್ ನದಿಯ ದಡದ ಸಣ್ಣ ಊರಿನ ತುಂಬ ಹರಡಿಕೊಂಡಿದೆ. ಗುಡ್ಡದ ಮೇಲಿನ ಹೋಹೆನ್‌ಟ್ಯೂಬಿಂಗೆನ್ ಕೋಟೆಯ ಹಳೆಯ ಅಡುಗೆಮನೆಯನ್ನು ತಪ್ಪದೆ ನೋಡಿ. ಒಂದು ಕಾಲಕ್ಕೆ ಪ್ರಯೋಗಾಲಯವಾಗಿದ್ದ ಆ ಕಲ್ಲಿನ ಕೋಣೆಯಲ್ಲೇ 1869ರಲ್ಲಿ ಫ್ರೀಡ್ರಿಕ್ ಮೀಷರ್ ಎಂಬ ತರುಣ, ಆಸ್ಪತ್ರೆಯ ಬ್ಯಾಂಡೇಜುಗಳಿಗೆ ಅಂಟಿದ್ದ ಕೀವಿನ ಜೀವಕೋಶಗಳಿಂದ, ನಾವು ಇಂದು ಡಿ.ಎನ್.ಎ. ಎನ್ನುವ ವಸ್ತುವನ್ನು ಮೊದಲು ಬೇರ್ಪಡಿಸಿದ. ನಿಮ್ಮ ಶಾಸ್ತ್ರದ ತವರುಮನೆ ಅದು. ಧಾರವಾಡದವರಿಗೆ ಇನ್ನೊಂದು ನಂಟೂ ಇದೆ: ನಿಮ್ಮ ಊರಿನ ಕಾಲೇಜಿಗೆ ಯಾರ ಹೆಸರಿದೆಯೋ ಆ ಫರ್ಡಿನಾಂಡ್ ಕಿಟೆಲ್ಲರಿಗೆ, 1894ರಲ್ಲಿ ಅವರ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದ ಮೇಲೆ, ಗೌರವ ಡಾಕ್ಟರೇಟ್ ಕೊಟ್ಟದ್ದು ಇದೇ ವಿಶ್ವವಿದ್ಯಾಲಯ. 1903ರಲ್ಲಿ ಅವರು ತೀರಿಕೊಂಡದ್ದೂ ಟ್ಯೂಬಿಂಗೆನ್ನಿನಲ್ಲೇ.

ಪ್ರಶ್ನೆ: ಮಗನಿಗೆ ಜರ್ಮನಿಯಲ್ಲಿ ಒಂದು ಸೆಮಿಸ್ಟರ್ ವಿನಿಮಯದ ಓದಿಗೆ ಅವಕಾಶವಿದೆ. ಶುಲ್ಕವಿಲ್ಲ ಎನ್ನುತ್ತಾರೆ, ಆದರೂ ಬ್ಯಾಂಕಿನಲ್ಲಿ ಲಕ್ಷಗಟ್ಟಲೆ ತೋರಿಸಬೇಕಂತೆ. ಇದು ಹೇಗೆ?
– ಓದುಗರು, ದಾವಣಗೆರೆ

ಉತ್ತರ: ಎರಡೂ ನಿಜ. ವಿನಿಮಯದ ವಿದ್ಯಾರ್ಥಿ ಕಲಿಕಾ ಶುಲ್ಕವನ್ನು ತನ್ನ ಮಾತೃಸಂಸ್ಥೆಗೆ ಕಟ್ಟುತ್ತಾನೆ, ಅಲ್ಲಿ ಕಟ್ಟುವುದಿಲ್ಲ. ಟ್ಯೂಬಿಂಗೆನ್ ಇರುವ ಬಾಡೆನ್–ವುರ್ಟೆಂಬೆರ್ಗ್ ರಾಜ್ಯದಲ್ಲಿ ಯೂರೋಪ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಶುಲ್ಕವಿದ್ದರೂ ಒಡಂಬಡಿಕೆಯ ಮೂಲಕ ಬಂದವರಿಗೆ ಅದರಿಂದ ವಿನಾಯಿತಿ ಇದೆ. ನೀವು ಕೇಳಿದ ಲಕ್ಷಗಳು ಜೀವನವೆಚ್ಚಕ್ಕೆ. ವಿದ್ಯಾರ್ಥಿವೇತನ ಇಲ್ಲದವರು ವೀಸಾಕ್ಕಾಗಿ ತಿಂಗಳಿಗೆ 992 ಯೂರೋ ಲೆಕ್ಕದಲ್ಲಿ, ಉಳಿಯುವಷ್ಟು ತಿಂಗಳ ಹಣವನ್ನು ಅಲ್ಲಿಯ ನಿರ್ಬಂಧಿತ ಖಾತೆಯಲ್ಲಿ ಮೊದಲೇ ಇಡಬೇಕು. ಆರು ತಿಂಗಳಿಗೆ 5,952 ಯೂರೋ. ಯೂರೋಗೆ ನೂರು ರೂಪಾಯಿ ಹಿಡಿದರೂ ಸುಮಾರು ಆರು ಲಕ್ಷವಾಗುತ್ತದೆ. ಆದರೆ ಅದು ಯಾರಿಗೋ ಕೊಟ್ಟ ಹಣವಲ್ಲ, ತಿಂಗಳಿಗಿಷ್ಟು ಎಂದು ನಿಮ್ಮ ಮಗನಿಗೇ ಮರಳಿ ಬರುತ್ತದೆ. ವಿದ್ಯಾರ್ಥಿ ನಿಲಯದ ಕೋಣೆಗೆ 300ರಿಂದ 400 ಯೂರೋ, ಆರೋಗ್ಯ ವಿಮೆಗೆ 140 ಯೂರೋ ಮೇಲ್ಪಟ್ಟು ಹೋದರೆ ಉಳಿದದ್ದರಲ್ಲಿ ಊಟ, ಓಡಾಟ ಸಾಗುತ್ತದೆ. ಮೊದಲ ತಿಂಗಳ ಬಾಡಿಗೆ ಮತ್ತು ಮುಂಗಡಕ್ಕೆ ಬೇರೆ ಹಣ ಇಟ್ಟುಕೊಳ್ಳಿ, ಏಕೆಂದರೆ ಆ ಖಾತೆಯ ಹಣ ಅಲ್ಲಿಗೆ ತಲುಪಿದ ದಿನವೇ ಕೈಗೆ ಸಿಗುವುದಿಲ್ಲ.

ಮನೆ ಸೇರಿದ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆಯೊಡೆಯರು ಸಹಿ ಮಾಡಿದ ದೃಢೀಕರಣ ಬೇಕು. ಆ ಕಾಗದ ಕೊಡಲು ಒಪ್ಪದವರ ಮನೆಗೆ ಮುಂಗಡ ಕಟ್ಟದಿರುವುದು ಕ್ಷೇಮ.

ಪ್ರಶ್ನೆ: ಏಪ್ರಿಲ್‌ನಲ್ಲಿ ಮಗಳು ಜರ್ಮನಿಗೆ ಹೊರಡುತ್ತಾಳೆ. ತುಪ್ಪ, ಉಪ್ಪಿನಕಾಯಿ, ಕರಿಬೇವು, ಕೊಬ್ಬರಿ ಕಟ್ಟಿಕೊಡಬಹುದೇ?
– ಓದುಗರು, ಶಿವಮೊಗ್ಗ

ಉತ್ತರ: ತುಪ್ಪ ಬೇಡ. ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಹೊರಗಿನಿಂದ ಯೂರೋಪ್ ಒಕ್ಕೂಟದೊಳಕ್ಕೆ ಒಯ್ಯಲು ಬಿಡುವುದಿಲ್ಲ. ಸಿಕ್ಕರೆ ಕಸಿದು ಬಿಸಾಡುತ್ತಾರೆ. ಹಸಿ ಕರಿಬೇವಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕಾಗುತ್ತದೆ, ಹಾಗಾಗಿ ಅದನ್ನೂ ಕೈಬಿಡಿ. ಒಣಕೊಬ್ಬರಿ ಬೇಗ ಹೊತ್ತಿಕೊಳ್ಳುತ್ತದೆಂದು ನಮ್ಮ ವಿಮಾನ ನಿಲ್ದಾಣದಲ್ಲೇ ತೆಗೆದಿಡುತ್ತಾರೆ. ತಮಾಷೆಯೆಂದರೆ ಬಾಳೆಹಣ್ಣು, ಅನಾನಸು, ಇಡೀ ತೆಂಗಿನಕಾಯಿಗೆ ಯೂರೋಪಿನಲ್ಲಿ ಪ್ರಮಾಣಪತ್ರದ ಹಂಗಿಲ್ಲ. ಸಾರಿನ ಪುಡಿ, ಹುಳಿ ಪುಡಿ, ಚಟ್ನಿಪುಡಿಗಳನ್ನು ಧಾರಾಳವಾಗಿ ಕಳಿಸಿ. ಉಪ್ಪಿನಕಾಯಿಯನ್ನು ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಬಿಗಿದು ದೊಡ್ಡ ಪೆಟ್ಟಿಗೆಯಲ್ಲೇ ಇಡಿ, ಕೈಚೀಲದಲ್ಲಿ ಬೇಡ. ಮತ್ತು ಅದು ಅಂಕಪಟ್ಟಿಗಳಿರುವ ಪೆಟ್ಟಿಗೆಯಾಗದಂತೆ ನೋಡಿಕೊಳ್ಳಿ.